ಅರಳು ಮರಳು ಎನ್ನುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಮನೆಗಳ ಭೇಟಿಗೆಂದು ತುರ್ವಿಹಾಳಕ್ಕೆ ಹೋಗಿದ್ದೆ. ಬಿಸಿಲು ಇನ್ನೂ ಇಳಿದಿರಲಿಲ್ಲ. ಒಂದು ಮನೆಯ ಮುಂದಿನ ಕಟ್ಟೆಯ ಮೇಲೆ ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು ಕುಳಿತಿದ್ದರು. ಓಣಿಗೆಲ್ಲ ಅವರು ಮುತ್ಯಾ. ನನ್ನನ್ನು ಕಂಡವರೇ ಎರಡೂ ಕೈ ಹಿಡಿದುಕೊಂಡು, “ಮುಂಜಾನಿಂದ ಒಂದು ತುತ್ತು ಉಂಡಿಲ್ರಿ ಫಾದರ್, ಸೊಸಿ ಹಾಕಂಗಿಲ್ಲ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಎದುರು ಮನೆಯ ಹೆಂಗಸು ಹೌದೆಂಬಂತೆ ತಲೆಯಾಡಿಸಿದಳು. ಆ ಸೊಸೆಯ ಕುರಿತು ಇಂಥ ಮಾತು ಮೊದಲೂ ನನ್ನ ಕಿವಿಗೆ ಬಿದ್ದಿತ್ತು. ಗಂಡ ಬೆಂಗಳೂರಿಗೆ ಗುಳೆ ಹೋದವನು, ಕಟ್ಟಡದ ಕೆಲಸ, ಹಬ್ಬಕ್ಕೊಮ್ಮೆ ಬರುವವನು. ಮನೆಯಲ್ಲಿ ಆಕೆ, ಎರಡು ಮಕ್ಕಳು, ಈ ಮಾವ.

ನಾನು ಒಳಗೆ ಹೋದವನೇ ನಾಲ್ಕನೆಯ ಆಜ್ಞೆಯಿಂದ ಶುರುಮಾಡಿದೆ. ತಂದೆತಾಯಿಯರನ್ನು ಗೌರವಿಸುವುದು ಎಂದರೇನು, ಹಸಿದವರ ಕಣ್ಣೀರು ದೇವರಿಗೆ ಹೇಗೆ ಮುಟ್ಟುತ್ತದೆ ಎಂದೆಲ್ಲ ಹೇಳಿದೆ. ದೇವಾಲಯದಲ್ಲಿ ಪ್ರಬೋಧನೆ ಮಾಡುವಾಗಲೂ ಅಷ್ಟು ನಿರರ್ಗಳವಾಗಿ ನನಗೆ ಮಾತು ಬಂದದ್ದಿಲ್ಲ. ಆಕೆ ನಡುವೆ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಬಚ್ಚಲ ಕಡೆಯಿಂದ ಒಂದು ಗಂಗಾಳ ತಂದು ನನ್ನ ಮುಂದೆ ಹಿಡಿದಳು. ಅದರಲ್ಲಿ ರೊಟ್ಟಿಯ ಚೂರುಗಳಿದ್ದವು, ಅಂಚಿಗೆ ಪುಂಡಿಪಲ್ಯ ಇನ್ನೂ ಹಸಿಯಾಗಿ ಅಂಟಿತ್ತು. “ಉಂಡು ಅರ್ಧ ತಾಸು ಆಗಿಲ್ರಿ ಫಾದರ್. ಇವತ್ತಿಗೆ ಇದು ಮೂರನೇ ಸಲ. ಯಾರಿಗೆ ತೋರಿಸ್ಲಿ ಇದನ್ನ?”

ನಾನು ಆಕೆಯ ಕ್ಷಮೆ ಕೇಳಿದೆ. ಆದರೆ ಓಣಿಯವರು ಯಾರೂ ಕೇಳಲಿಲ್ಲ. ಹೊರಗೆ ಬಂದು ಎದುರು ಮನೆಯಾಕೆಗೆ ಸಂಗತಿ ಹೇಳಿದಾಗ ಆಕೆ ನಕ್ಕು, “ಅರವತ್ತಕ್ಕ ಅರಳು ಮರಳು ಅಂತಾರಲ್ರಿ, ಬಿಡ್ರಿ” ಎಂದಳು. ಒಂದು ಗಳಿಗೆಯ ಹಿಂದೆ ಆಕೆಯ ಪ್ರಕಾರ ಸೊಸೆ ಪಾಪಿ. ಈಗ ಮುತ್ಯಾಗೆ ಅರಳು ಮರಳು. ಎರಡರಲ್ಲಿ ಯಾವುದನ್ನು ಹೇಳಿದರೂ ನಮ್ಮ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆ ದಿನದಿಂದ ಈ ಗಾದೆಯ ಬಗ್ಗೆ ನನಗೊಂದು ಕಸಿವಿಸಿ ಉಳಿದಿದೆ.

ಗಾದೆಯಲ್ಲಿ ಕರುಣೆಯಿಲ್ಲವೆಂದಲ್ಲ. ವಯಸ್ಸಾದವರು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸಹಿಸಿಕೊಳ್ಳಿ ಎಂಬ ಅರ್ಥವೂ ಅದರಲ್ಲಿದೆ. ಆದರೆ ಅರವತ್ತರವರು ನಮ್ಮ ಕಡೆ ಇಂದಿಗೂ ಭತ್ತದ ಗದ್ದೆಯಲ್ಲಿ ಸಸಿ ನಾಟಿ ಮಾಡುತ್ತಿದ್ದಾರೆ. ಅವರಿಗೆಲ್ಲ ಎಲ್ಲಿದೆ ಅರಳು ಮರಳು? ವಯಸ್ಸಾದರೆ ಬುದ್ಧಿ ಕೆಡುವುದೇ ಸಹಜ ಎಂದಾದರೆ ಹೀಗೆ ಗಟ್ಟಿಯಾಗಿರುವವರು ಅಪವಾದವಾಗಬೇಕಿತ್ತು. ವಾಸ್ತವ ಅದಕ್ಕೆ ತಿರುಗುಮುರುಗು. ಭಾರತದಲ್ಲಿ ಅರವತ್ತು ಮೀರಿದವರ ಸ್ಮೃತಿ ಪರೀಕ್ಷೆ ನಡೆಸಿದ ಒಂದು ರಾಷ್ಟ್ರೀಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನೂರರಲ್ಲಿ ಸುಮಾರು ಏಳು ಜನರಿಗೆ, ನಿಖರವಾಗಿ ಹೇಳುವುದಾದರೆ ಶೇಕಡಾ 7.4ರಷ್ಟು ಹಿರಿಯರಿಗೆ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಒಟ್ಟು ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಉಳಿದ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದಿಲ್ಲ. ಅಂದರೆ ಇದು ವಯಸ್ಸಿನ ಧರ್ಮವಲ್ಲ, ಒಂದು ರೋಗ. ರೋಗವಾದ ಮೇಲೆ ಅದಕ್ಕೆ ಪರೀಕ್ಷೆಯುಂಟು, ಆರೈಕೆಯುಂಟು, ರೋಗಿಗೆ ಒಂದು ಮರ್ಯಾದೆಯುಂಟು.

ಮುತ್ಯಾನ ಮನೆಯಲ್ಲಿ ನಾನು ಮಾಡಿದ ತಪ್ಪು ನನ್ನೊಬ್ಬನದೇ ಅಲ್ಲ ಎಂಬುದು ಆಮೇಲೆ ಓದಿ ತಿಳಿಯಿತು. ಮರೆವಿನ ರೋಗಿಗಳಲ್ಲಿ ಮೂರನೇ ಎರಡು ಪಾಲು ಜನ ಬಡ ದೇಶಗಳಲ್ಲಿದ್ದರೂ ಸಂಶೋಧನೆಯ ಹತ್ತನೇ ಒಂದು ಪಾಲೂ ಅವರ ಮೇಲೆ ನಡೆಯುತ್ತಿಲ್ಲವೆಂದು ಕೆಲವು ವೈದ್ಯರು 1998ರಲ್ಲಿ ಒಂದು ಗುಂಪು ಕಟ್ಟಿದರು. ಗುಂಪಿನ ಹೆಸರೇ ‘10/66’. ಅವರಲ್ಲಿ ಕೆಲವರು ನೆರೆಯ ಗೋವೆಯಲ್ಲಿ ಜನರನ್ನು ಮಾತನಾಡಿಸಿದಾಗ ಕಂಡದ್ದೇನು? ಹಿರಿಯರ ಈ ಸ್ಥಿತಿಯನ್ನು ಜನ ಒಂದೋ ಮುದಿತನದ ಸಹಜ ಲಕ್ಷಣ ಎನ್ನುತ್ತಿದ್ದರು, ಇಲ್ಲವೇ ಮನೆಯವರು ಸರಿಯಾಗಿ ನೋಡಿಕೊಳ್ಳದ್ದರ ಫಲ ಎನ್ನುತ್ತಿದ್ದರು. ಕೇರಳದಲ್ಲಿ ಆರೈಕೆ ಮಾಡುವವರನ್ನು ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಅವರಲ್ಲಿ ಹೆಚ್ಚಿನವರು ಹೆಂಗಸರು. ರೋಗಿಯ ನಡವಳಿಕೆಯನ್ನು ಅವರು ಬೇಕೆಂದೇ ಮಾಡುವ ಹಟವೆಂದು ತಿಳಿದು ನೊಂದುಕೊಳ್ಳುತ್ತಿದ್ದರು. ತುರ್ವಿಹಾಳದ ಆ ಓಣಿಯನ್ನೇ ನೋಡಿ ಬರೆದಂತಿದೆ.

ಇಂಥ ಸಂಶೋಧನೆ ಎಂದರೆ ನಮ್ಮ ಜನರಿಗೆ ಒಂದು ಅನುಮಾನ. ‘ನಮ್ಮ ಮುದುಕರ ತಲೆ ಅಳೆದು ಇವರಿಗೇನು ಸಿಗುತ್ತದೆ?’ ಎನ್ನುತ್ತಾರೆ. ಅಳೆಯುವುದು ಸುಲಭವೂ ಅಲ್ಲ. ಹೊರದೇಶದ ಪರೀಕ್ಷೆಗಳಲ್ಲಿ ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದು ಕೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದವರು ಇದರಲ್ಲಿ ಸೋತರೆ ಅದು ಮರೆವೇ? 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು ಓದುಬರಹ ಬಾರದವರಿಗೆಂದೇ ಹಿಂದಿಯಲ್ಲಿ ಒಂದು ಪರೀಕ್ಷೆ ರೂಪಿಸಿದರು. ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ವಾಕ್ಯ ಬರೆಸುವ ಬದಲು, ‘ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ’ ಎಂದು ಕೇಳಿದರು. ಈ ಕೊನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಷ್ಟು ಮನೆಗಳಲ್ಲಿ ಹಿರಿಯರನ್ನು ಯಾರಾದರೂ ಕುಳಿತು ಇದನ್ನು ಕೇಳಿದ್ದಾರೆ?

ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 45 ವರ್ಷ ಮೀರಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುವ ಯೋಜನೆ ಹಾಕಿಕೊಂಡಿದ್ದಾರೆ. ರಕ್ತ, ಸ್ಮರಣಶಕ್ತಿ, ಮೆದುಳಿನ ಚಿತ್ರ, ಎಲ್ಲವನ್ನೂ ಪರೀಕ್ಷಿಸುತ್ತಾರೆ. ಫಲ ಕಾಣಲು ಕಾಯಬೇಕು. ವಿಜ್ಞಾನಿಗಳ ಈ ತಾಳ್ಮೆ ಕಂಡಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ಒಂದು ಮನೆಯಲ್ಲಿ ಐದು ನಿಮಿಷ ನಿಂತು ತೀರ್ಪು ಕೊಟ್ಟವನು.

ಇನ್ನೊಂದು ಅಂಕಿಯನ್ನೂ ಹೇಳಬೇಕು, ನನ್ನನ್ನು ಹೆಚ್ಚು ಕಾಡಿದ್ದು ಅದು. 2017–18ರಲ್ಲಿ ದೇಶದಾದ್ಯಂತ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ವೃದ್ಧಾಪ್ಯದ ರಾಷ್ಟ್ರೀಯ ಅಧ್ಯಯನವೊಂದು ನಡೆಯಿತು. 2021ರಲ್ಲಿ ವರದಿ ಹೊರಬಂತು. ನಿಮಗೆ ಖಿನ್ನತೆಯ ಕಾಯಿಲೆಯಿದೆ ಎಂದು ವೈದ್ಯರು ಹೇಳಿದ್ದಾರೆಯೇ ಎಂದರೆ ಹೌದೆಂದವರು ನೂರಕ್ಕೆ ಒಬ್ಬರೂ ಇಲ್ಲ, ಶೇಕಡಾ 0.8. ಅದೇ ಸಮೀಕ್ಷೆಯಲ್ಲಿ ನಿದ್ದೆ, ಹಸಿವು, ಬೇಸರ, ಬದುಕಿನ ಆಸಕ್ತಿ ಎಂದು ಒಂದೊಂದಾಗಿ ಕೇಳಿ ಅಳೆದಾಗ ಅರವತ್ತು ಮೀರಿದವರಲ್ಲಿ ಶೇಕಡಾ 8.3ರಷ್ಟು ಜನರಲ್ಲಿ ಖಿನ್ನತೆ ಕಂಡಿತು. ಹತ್ತುಪಟ್ಟು. ಕೇಳಿದ್ದರಿಂದ ಮಾತ್ರ ಇದು ಹೊರಗೆ ಬಂತು.

ನಮ್ಮ ಹಿರಿಯರಿಗೆ ಒಂದು ಮಾತಿದೆ, “ಎಲ್ಲಾ ಆರಾಮ ಐತ್ರಿ.” ಮಗ ಫೋನು ಮಾಡಿದರೂ ಅದೇ, ಗುರುಗಳು ಮನೆಗೆ ಬಂದರೂ ಅದೇ. ಆರಾಮ ಇಲ್ಲದಾಗಲೇ ಹೆಚ್ಚು ಹೇಳುತ್ತಾರೆ. ದುಡಿಯಲು ಹೋದ ಮಕ್ಕಳಿಗೆ ಚಿಂತೆ ಬೇಡ, ಔಷಧಿಗೆ ಖರ್ಚು ಬೇಡ, ಸೊಸೆಗೆ ಹೊರೆ ಬೇಡ. ಈ ಸುಳ್ಳಿನಲ್ಲಿ ಪ್ರೀತಿಯಿದೆ. ನಮಗೂ ಅದು ಅನುಕೂಲ. ಅವರು ‘ಆರಾಮ’ ಎಂದರು, ನಾವು ನಂಬಿದೆವು. ಆರಾಮವಿಲ್ಲದ್ದು ಹೊರಗೆ ಕಂಡಾಗ ‘ಅರಳು ಮರಳು’ ಎಂದೆವು. ಇವೆರಡು ಮಾತುಗಳ ನಡುವೆ ಒಂದು ಇಡೀ ಮನುಷ್ಯಜೀವ ಕಳೆದುಹೋಗುತ್ತದೆ.

ನನ್ನ ತಾಯಿಯ ವಿಷಯದಲ್ಲೂ ಹಾಗೇ ಆಯಿತು. ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಏನು ಕೇಳಿದರೂ ‘ಆರಾಮ ಅದೀನಪ್ಪ’ ಎಂದು ಫೋನನ್ನು ಅತ್ತಿಗೆಯ ಕೈಗೆ ಕೊಡುತ್ತಿದ್ದರು. ನನ್ನ ಮೇಲೆ ಮುನಿಸಿರಬೇಕು ಅಂದುಕೊಂಡೆ. ಆಮೇಲಾಮೇಲೆ ಮನೆಯಲ್ಲೂ ಮಾತು ಕಡಿಮೆಯಾಯಿತು, ಹಾಡು ನಿಂತಿತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರತೊಡಗಿತು. ಅಣ್ಣ ‘ವಯಸ್ಸಾಯ್ತು’ ಎಂದ. ಅವರಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಗುರುತಿಸಿದ್ದು ಅತ್ತಿಗೆ. ನನ್ನ ಪ್ರಶ್ನೆಯೇ ಅವರಿಗೆ ಕೇಳಿಸಿರಲಿಲ್ಲ, ಏನಾದರೂ ಇರಲಿ ಎಂದು ‘ಆರಾಮ’ ಎನ್ನುತ್ತಿದ್ದರು. ಕಿವಿಗೆ ಯಂತ್ರ ಬಂದ ಮೇಲೆ ಜಗಳವಾಡುವಷ್ಟು ಚೇತರಿಸಿಕೊಂಡರು! ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವುಡು, ಸರಿಪಡಿಸದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಕುಡಿತ, ಒಂಟಿತನ, ಖಿನ್ನತೆ ಎಲ್ಲವೂ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಆ ಆಯೋಗದ ಅಭಿಪ್ರಾಯ. ಇನ್ನು ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಮೂತ್ರದ ಸೋಂಕು ಇವು ಮರೆವಿನ ವೇಷ ಹಾಕಿ ಬರುತ್ತವೆ. ಔಷಧಿಗೆ ಇಳಿಯುತ್ತವೆ. ‘ಅರಳು ಮರಳು’ ಎಂದು ಕೈಬಿಟ್ಟವರಿಗೆ ಇದು ತಿಳಿಯುವುದೇ ಇಲ್ಲ.

ತಾಯಿಯ ವಿಷಯ ಎತ್ತಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ಸಂತ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಯೇಸುಸ್ವಾಮಿ ‘ಕೊರ್ಬಾನ್’ ಎಂಬ ಪದ್ಧತಿಯನ್ನು ಖಂಡಿಸುತ್ತಾರೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಇದು ದೇವರಿಗೆ ಮೀಸಲು’ ಎಂದು ಘೋಷಿಸಿ ಅವರ ಪಾಲನೆಯಿಂದ ತಪ್ಪಿಸಿಕೊಳ್ಳುವ ಉಪಾಯ ಅದು. ಅಪ್ಪನ ಕಣ್ಣಿನ ಪೊರೆ ತೆಗೆಸಲು ಕಾಸಿಲ್ಲ, ದೇವಾಲಯದ ಹಬ್ಬಕ್ಕೆ ಮಾತ್ರ ದೊಡ್ಡ ಕಾಣಿಕೆ ಎನ್ನುವವರಿಗೆ ನಾನು ಈ ಭಾಗವನ್ನು ಓದಿ ಹೇಳಿದ್ದೇನೆ. ಆದರೆ ಸೆಮಿನರಿಯಲ್ಲಿ ಓದಿದಂದಿನಿಂದ ಒಂದು ಪ್ರಶ್ನೆಯನ್ನು ನಾನು ಮುಟ್ಟಿರಲಿಲ್ಲ. ‘ದೇವರಿಗೆ ಕೊಟ್ಟ ಮಗ’ ಎಂದು ಊರು ನನ್ನನ್ನು ಕರೆಯುತ್ತದೆ. ಹಾಗಾದರೆ ನಾನೇ ಒಂದು ಕೊರ್ಬಾನ್ ಅಲ್ಲವೇ? ತಾಯಿಯ ಮೈ ತೊಳೆದದ್ದು, ರಾತ್ರಿ ಎದ್ದು ನೀರು ಕೊಟ್ಟದ್ದು ಅತ್ತಿಗೆ. ಆಕೆ ಅವರ ಹೊಟ್ಟೆಯಲ್ಲಿ ಹುಟ್ಟಿದವಳೂ ಅಲ್ಲ, ನಾನು ಪ್ರತಿದಿನ ಬಲಿಪೂಜೆಯಲ್ಲಿ ಅವರನ್ನು ನೆನೆದೆ. ಎರಡೂ ಒಂದೇ ತೂಕವೆಂದು ಹೇಳಲು ನನಗೆ ಧೈರ್ಯವಿಲ್ಲ. ಈಗ ತಿಂಗಳಿಗೆ ಎರಡು ದಿನ ಹೋಗಿ ಇರುತ್ತೇನೆ. ಆ ಎರಡು ದಿನ ಅತ್ತಿಗೆ ತವರಿಗೆ ಹೋಗುತ್ತಾರೆ.

ತಂದೆತಾಯಿಯರ ಋಣ ತೀರಿಸಲಾಗದು, ಕೈಲಾದಷ್ಟು ಸಲ್ಲಿಸಿದವನು ಒಳ್ಳೆಯವನು ಎಂಬ ವಿಚಾರ ಅರಿಸ್ಟಾಟಲನಲ್ಲಿದೆ, ಸಂತ ಥಾಮಸ್ ಅಕ್ವಿನಾಸರು ಅದನ್ನು ಮುಂದುವರಿಸಿದರು. ನಮ್ಮ ಮಸ್ಕಿಯ ಬಂಡೆಯಿಂದ ಲೋಕಕ್ಕೆ ಹೆಸರು ಖಚಿತವಾದ ಅಶೋಕ ಚಕ್ರವರ್ತಿಯೂ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯರಿಗೆ ವಿಧೇಯರಾಗಿರಬೇಕೆಂದು ಕೊರೆಸಿದ್ದಾನೆ. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಷ್ಟ ಬರುವುದು ಇನ್ನೊಂದು ಕಡೆ. ಋಣ ಕೊಟ್ಟವರೇ ‘ನೀನು ಯಾರು?’ ಎಂದು ಕೇಳಿದರೆ? ಮುತ್ಯಾ ಹಬ್ಬಕ್ಕೆ ಬಂದ ಮಗನನ್ನು ಕಂದಾಯದವನೆಂದು ತಿಳಿದು ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಮಗ ಗೋಡೆಗೆ ಮುಖಮಾಡಿ ಅತ್ತನಂತೆ. ‘ಆತ ನಮ್ಮಪ್ಪ ಅಲ್ಲ ಫಾದರ್, ನಮ್ಮಪ್ಪ ಹೋಗಿಬಿಟ್ಟ’ ಎಂದು ನನಗೆ ಹೇಳಿದ.

ಇದು ಬರಿಯ ದುಃಖದ ಮಾತಲ್ಲ, ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಹದಿನೇಳನೇ ಶತಮಾನದ ಜಾನ್ ಲಾಕ್, ನಿನ್ನೆಯ ನಾನೇ ಇಂದಿನ ನಾನು ಎಂಬುದಕ್ಕೆ ಆಧಾರ ನೆನಪು ಎಂದ. ಹಾಗಾದರೆ ನೆನಪು ಹೋದೊಡನೆ ಮನುಷ್ಯನೂ ಹೋಗಬೇಕು. ಅದಕ್ಕಿಂತ ಸಾವಿರ ವರ್ಷ ಹಿಂದೆ ಬೊಯೆಥಿಯಸ್ ಬೇರೆ ದಾರಿಯಲ್ಲಿ ಯೋಚಿಸಿದ್ದ. ವ್ಯಕ್ತಿ ಎಂಬುವನು ತಾನು ಮಾಡುವ ಕೆಲಸಗಳ, ಇಟ್ಟುಕೊಂಡ ನೆನಪುಗಳ ಮೊತ್ತವಲ್ಲ, ಅವೆಲ್ಲಕ್ಕೂ ಒಡೆಯನಾಗಿ ಇರುವವನು. ಪರೀಕ್ಷೆಯಲ್ಲಿ ಎರಡನೆಯದನ್ನು ಸರಿಯೆಂದು ಬರೆದು ಅಂಕ ಪಡೆದೆ. ಆದರೆ ಆ ಮಗನ ಮುಂದೆ ಬೊಯೆಥಿಯಸ್ ನೆರವಿಗೆ ಬರಲಿಲ್ಲ. ನೆರವಿಗೆ ಬಂದದ್ದು ಸುಮಾರು 2200 ವರ್ಷಗಳ ಹಿಂದಿನ ಸಿರಾಖನ ಗ್ರಂಥ. ಅದರ ಮೂರನೇ ಅಧ್ಯಾಯದಲ್ಲಿ ಮುಪ್ಪಿನ ತಂದೆಯನ್ನು ನೋಡಿಕೊಳ್ಳುವ ಮಾತಿನ ಜೊತೆಗೇ, ಅವನ ಬುದ್ಧಿ ಕುಗ್ಗಿದರೂ ಅವನನ್ನು ಸಹಿಸು, ನಿನಗೆ ಬಲವಿದೆಯೆಂದು ಹೀಗಳೆಯಬೇಡ ಎಂಬ ಅರ್ಥದ ಬುದ್ಧಿವಾದವಿದೆ. ಬುದ್ಧಿ ಹೋದ ಮೇಲೂ ಅವನನ್ನು ‘ತಂದೆ’ ಎಂದೇ ಕರೆಯುತ್ತದೆ ಆ ಗ್ರಂಥ. ಅದನ್ನು ತೋರಿಸಿದೆ. ಮಗನಿಗೆ ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ಆ ರಾತ್ರಿ ತಂದೆಯ ಹೊರಸಿನ ಬದಿಗೆ ಕೌದಿ ಹಾಸಿಕೊಂಡು ಮಲಗಿದನೆಂದು ಆಮೇಲೆ ತಿಳಿಯಿತು.

ಮಗ ಮತ್ತೆ ಬೆಂಗಳೂರಿಗೆ ಹೋದ. ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಇಲ್ಲಿ ನಾವು ಗುರುಗಳು ಸುಲಭವಾಗಿ ಜಾರುವ ಜಾಗವೊಂದಿದೆ. ಆರೈಕೆಯ ಪುಣ್ಯವನ್ನು ಹೊಗಳಿ ಹೊಗಳಿ ಅದನ್ನೆಲ್ಲ ಒಬ್ಬಳೇ ಹೆಂಗಸಿನ ತಲೆಗೆ ಹೊರಿಸಿಬಿಡುತ್ತೇವೆ. ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ಒಳ್ಳೆಯದೇ. ತಂದೆತಾಯಿಯರ ಪೋಷಣೆಗೆ 2007ರ ಕಾನೂನಿದೆ. ಮಕ್ಕಳು ಕೈಬಿಟ್ಟ ಹಿರಿಯರು ಸಹಾಯಕ ಆಯುಕ್ತರ ಮುಂದೆ ದೂರು ಕೊಡಬಹುದು, ನಮ್ಮ ಕಡೆಯವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. 14567ಕ್ಕೆ ಉಚಿತವಾಗಿ ಫೋನು ಮಾಡಿ ಸಲಹೆ ಪಡೆಯಬಹುದು. ಕೈಬಿಟ್ಟವರಿಗೆ ಇವೆಲ್ಲ ಬೇಕು. ಕೈಬಿಡದೆ ಹಿಡಿದುಕೊಂಡು ಸೋತು ಹೋದವಳಿಗೆ ಏನಿದೆ?

ಗೋವೆಯಲ್ಲೇ ಇದಕ್ಕೊಂದು ಪ್ರಯೋಗ ನಡೆಯಿತು. ಮರೆವಿನ ರೋಗಿಗಳಿದ್ದ 81 ಕುಟುಂಬಗಳನ್ನು ಆರಿಸಿಕೊಂಡು, ಅರ್ಧದಷ್ಟು ಮನೆಗಳಿಗೆ ತರಬೇತಿ ಪಡೆದ ಸ್ಥಳೀಯರನ್ನು ಆರು ತಿಂಗಳು ಆಗಾಗ ಕಳಿಸಿದರು. ಅವರು ವೈದ್ಯರಲ್ಲ, ಸಾಮಾನ್ಯ ಜನ. ಇದು ರೋಗ, ಹಟವಲ್ಲ ಎಂದು ತಿಳಿಸಿ ಹೇಳುವುದು, ಸ್ನಾನಕ್ಕೆ ಊಟಕ್ಕೆ ಒಪ್ಪಿಸುವ ಉಪಾಯ ಹೇಳಿಕೊಡುವುದು, ನೋಡಿಕೊಳ್ಳುವವರ ಸಂಕಟ ಕೇಳುವುದು ಅವರ ಕೆಲಸ. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮನೆಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸ್ಪಷ್ಟವಾಗಿ ಸುಧಾರಿಸಿತ್ತು. ದುಬಾರಿ ಔಷಧಿಯಲ್ಲ, ಯಂತ್ರವಲ್ಲ. ಯಾರೋ ಒಬ್ಬರು ಮನೆಗೆ ಬಂದು ಕುಳಿತರು. ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದಕ್ಕೆ ಬೇಕಾದ ಜನ ಇದ್ದಾರೆ ಎಂಬುದು ನನಗೆ ಆಗ ಹೊಳೆಯಿತು.

ಮುತ್ಯಾನನ್ನು ವೈದ್ಯರಿಗೆ ತೋರಿಸಿದೆವು. ಮರೆವಿನ ಕಾಯಿಲೆ ನಿಜವೇ ಇತ್ತು, ಅದು ವಾಸಿಯಾಗುವುದಿಲ್ಲ ಎಂದರು. ಜೊತೆಗೆ ರಕ್ತದೊತ್ತಡವಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆಸಿದ ಮೇಲೆ ಮುಸ್ಸಂಜೆಯ ಕಿರುಚಾಟ ಕಡಿಮೆಯಾಯಿತು. ಗೋಡೆಯ ಮೇಲಿನ ನೆರಳನ್ನು ಕಳ್ಳನೆಂದು ಭಾವಿಸಿ ಕಿರುಚುತ್ತಿದ್ದರಂತೆ. ಊಟದ ವಿಷಯ ಮಾತ್ರ ಬದಲಾಗಲಿಲ್ಲ. ಸೊಸೆಯೇ ಒಂದು ದಾರಿ ಕಂಡುಕೊಂಡಳು. ‘ಈಗ ಉಂಡೀರಿ’ ಎಂದು ವಾದಿಸುವುದನ್ನು ಬಿಟ್ಟು, ಒಂದು ಹೊತ್ತಿನ ಊಟವನ್ನೇ ನಾಲ್ಕು ಪಾಲು ಮಾಡಿಟ್ಟುಕೊಂಡು ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡುತ್ತಾಳೆ. ಪುಸ್ತಕದಲ್ಲಿ ಓದಿದ್ದೇನಲ್ಲ, ಆಕೆಯ ತಲೆಗೆ ಹೊಳೆದದ್ದು.

ಕಳೆದ ಬಾರಿ ಹೋದಾಗ ಬಲ್ಲಭಗಢದ ಪ್ರಶ್ನೆ ನೆನಪಾಗಿ, “ಮುತ್ಯಾ, ನಿಮ್ಮ ಮನಿ ಬಗ್ಗೆ ಏನರ ಹೇಳ್ರಿ” ಎಂದೆ. ತುಸು ಹೊತ್ತು ಸುಮ್ಮನಿದ್ದು, “ಬಾಗಲಾ ಸಣ್ಣದು, ತಲಿ ಬಗ್ಗಿಸಿ ಬರ್ರಿ” ಎಂದರು. ಆ ಮನೆಯ ಬಾಗಿಲು ಈಗ ದೊಡ್ಡದು. ಹಳೆಯ ಮಣ್ಣಿನ ಮನೆಯದು ಸಣ್ಣದಿತ್ತಂತೆ, ಸೊಸೆ ಹೇಳಿದಳು. ಎದುರು ಮನೆಯಾಕೆಯೂ ಅಂದು ಅಲ್ಲೇ ಇದ್ದಳು. ಈಗ ಶನಿವಾರ ಮಧ್ಯಾಹ್ನ ಆಕೆಯೋ ನಮ್ಮ ಮಹಿಳಾ ಸಂಘದ ಒಬ್ಬಿಬ್ಬರೋ ಬಂದು ಮುತ್ಯಾನ ಬಳಿ ಕೂರುತ್ತಾರೆ. ಸೊಸೆ ಸಿಂಧನೂರಿಗೆ ಹೋಗಿ ಸಂತೆ, ಔಷಧಿ ಮುಗಿಸಿಕೊಂಡು ಬರುತ್ತಾಳೆ. ಮೊದಲ ಸಲ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಒಂದು ತಾಸು ಕುಳಿತು ಬಂದೆ ಎಂದು ನನ್ನಲ್ಲಿ ಹೇಳಿದಳು, ತಪ್ಪೊಪ್ಪಿಕೊಳ್ಳುವವಳಂತೆ.

ಅಂದು ಆಕೆ ಐದರ ಬಸ್ಸಿಗೆ ಬಂದಳು. ಮುತ್ಯಾ ಅಷ್ಟರಲ್ಲಿ ನಾಲ್ಕನೇ ಸಲ ಉಂಡು ಮಲಗಿದ್ದರು.